ಮನೆ ಎಲ್ಲಿ, ಟ್ರೈಔಟ್ ಎಲ್ಲಿ?

ಹೋದ ಸಲ ಈ ಅಂಕಣದಲ್ಲಿ ಮಕ್ಕಳ ಐಸ್ ಹಾಕಿ ಬಗ್ಗೆ ಒಂದೇ ಒಂದು ಪ್ರಶ್ನೆ ಇತ್ತು. ಸ್ಕೇಟ್ಸ್ ಹೊಸದು ಕೊಳ್ಳಬೇಕೋ, ಯಾರೋ ಬಳಸಿ ಬಿಟ್ಟದ್ದು ಸಾಕೋ ಅಂತ. ಆಮೇಲೆ ಬಂದ ಪತ್ರಗಳಲ್ಲಿ ಸ್ಕೇಟ್ಸ್ ಮಾತನ್ನು ಯಾರೂ ಎತ್ತಿಲ್ಲ. ಎಲ್ಲರದೂ ಒಂದೇ ತಕರಾರು. ನಮ್ಮ ಮನೆ ಇಲ್ಲಿದೆ, ಮಗು ಆಡಬೇಕು ಅಂತಿರೋದು ಅಲ್ಲಿ, ಬಿಡುತ್ತಾರಾ? ಹಾಗಾಗಿ ಈ ಸಲ ಪೂರ್ತಿ ಅದೇ. ಮನೆ ಒಂದು ಕಡೆ ಇದ್ದರೆ ಟ್ರೈಔಟ್, ಅಂದರೆ ತಂಡಕ್ಕೆ ಆರಿಸುವ ಪರೀಕ್ಷೆ, ಇನ್ನೊಂದು ಕಡೆ ಕೊಡಬಹುದಾ ಅನ್ನೋದು.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಲ್ಲಿ. ನಾನು ವಿರಾಜಪೇಟೆ ಕಡೆಯವನು. ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವನು. 1999ರಲ್ಲಿ ಅಮೆರಿಕದ ಮಿನೆಸೋಟಕ್ಕೆ ಬಂದೆ. ಇಬ್ಬರು ಮಕ್ಕಳೂ ಐಸ್ ಹಾಕಿಗೆ ಬಿದ್ದರು. ಅವರ ಹಿಂದೆ ನಾನೂ ಬಿದ್ದೆ. ಒಂಬತ್ತು ವರ್ಷ ನಮ್ಮೂರಿನ ಹಾಕಿ ಸಂಘದ ರಿಜಿಸ್ಟ್ರಾರ್ ಆಗಿದ್ದೆ. ಸಂಬಳವಿಲ್ಲದ ಕೆಲಸ. ಮಕ್ಕಳ ಜನನ ಪತ್ರ ನೋಡುವುದು, ಮನೆ ವಿಳಾಸದ ಪುರಾವೆ ನೋಡುವುದು, ಹೆಸರು ಬರೆದುಕೊಳ್ಳುವುದು. ಸೆಪ್ಟೆಂಬರ್ ಬಂತೆಂದರೆ ನಮ್ಮ ಊಟದ ಮೇಜಿನ ತುಂಬ ಊರವರ ಕರೆಂಟ್ ಬಿಲ್ಲು. ‘ಸಬ್ ರಿಜಿಸ್ಟ್ರಾರ್ ಆಫೀಸು ಎಷ್ಟು ಗಂಟೆಗೆ ಮುಚ್ಚುತ್ತೆ? ಅಕ್ಕಿರೊಟ್ಟಿ ಆರ್ತಾ ಇದೆ’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಈ ವರ್ಷ ಅವನ ವಯಸ್ಸಿನವರ ಸ್ಕ್ವರ್ಟ್ ತಂಡಕ್ಕೆ ಟ್ರೈಔಟ್. ಪಕ್ಕದ ಊರಿನ ಕೋಚ್ ತುಂಬಾ ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ‘ನಿಮ್ಮ ವಿಳಾಸಕ್ಕೆ ಇಲ್ಲಿ ಅವಕಾಶ ಇಲ್ಲ’ ಎಂದು ಅಲ್ಲಿನವರು ಹೇಳಿಬಿಟ್ಟರು. ಬೇರೆ ಕಡೆ ‘ಓಪನ್ ರೆಸಿಡೆನ್ಸಿ’ ಇದೆಯಂತೆ. ಹಾಗಂದರೆ ಏನು? ಇಲ್ಲಿ ಯಾಕಿಲ್ಲ?
— ಒಬ್ಬ ತಾಯಿ, ಈಡನ್ ಪ್ರೇರಿ, ಮಿನೆಸೋಟ

ಉತ್ತರ: ಓಪನ್ ರೆಸಿಡೆನ್ಸಿ ಅಂದರೆ ಮಗುವಿನ ಮನೆ ಎಲ್ಲಿದೆ ಅಂತ ಕೇಳುವುದಿಲ್ಲ. ಯಾವ ಕ್ಲಬ್ಬಿನ ಟ್ರೈಔಟ್‌ಗೆ ಬೇಕಾದರೂ ಹೋಗಬಹುದು. ತೆಗೆದುಕೊಂಡರೆ ಅಲ್ಲೇ ಆಡಬಹುದು. ಅಷ್ಟೇ.

ಮಿನೆಸೋಟದಲ್ಲಿ ಹಾಗಿಲ್ಲ. ಇಲ್ಲಿ ಮಕ್ಕಳ ಹಾಕಿ ಊರಿನದು. ಐಸ್ ಅರೀನಾ ಎಷ್ಟೋ ಕಡೆ ನಗರಸಭೆಯದು, ಊರವರ ತೆರಿಗೆ ದುಡ್ಡಲ್ಲಿ ಕಟ್ಟಿದ್ದು. ಸಂಘ ನಡೆಸುವವರು ಅಪ್ಪ ಅಮ್ಮಂದಿರು. ಒಂದೇ ಬೀದಿಯ ಮಕ್ಕಳು ಸ್ಕ್ವರ್ಟ್, ಪೀವೀ, ಬ್ಯಾಂಟಮ್ ಅಂತ ವಯಸ್ಸಿಗೆ ತಕ್ಕ ಹಂತಗಳಲ್ಲಿ ಒಟ್ಟಿಗೆ ಮೇಲೇರುತ್ತಾರೆ. ಕೊನೆಗೆ ತಮ್ಮೂರ ಹೈಸ್ಕೂಲಿನ ಜೆರ್ಸಿ ಹಾಕುತ್ತಾರೆ. ಇಲ್ಲಿನ ಹೈಸ್ಕೂಲ್ ಹಾಕಿಯ ರಾಜ್ಯ ಪಂದ್ಯಾವಳಿ 1945ರಿಂದ ನಡೆಯುತ್ತಿದೆ. ಮಾರ್ಚ್ ತಿಂಗಳಲ್ಲಿ ಸೇಂಟ್ ಪಾಲ್‌ಗೆ ಹೋಗಿ ನೋಡಿ, ನಮ್ಮ ಕಡೆಯ ಜಾತ್ರೆ ನೆನಪಾಗುತ್ತದೆ. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿದ ಅಮೆರಿಕ ತಂಡದ 20 ಆಟಗಾರರಲ್ಲಿ 12 ಜನ ಮಿನೆಸೋಟದವರು. ಕೋಚ್ ಹರ್ಬ್ ಬ್ರೂಕ್ಸ್ ಕೂಡ ಸೇಂಟ್ ಪಾಲ್‌ನವರೇ. ‘ಊರಿನಲ್ಲೇ ಬೆಳೆಸಿದ ಹುಡುಗರು’ ಅನ್ನುವ ಹೆಮ್ಮೆ ಇವರಿಗೆ ಇನ್ನೂ ಇಳಿದಿಲ್ಲ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮನೆ ಇರುವ ಊರಿನ ಸಂಘ ಒಂದು, ಮಗು ಓದುವ ಶಾಲೆ ಇರುವ ಊರಿನ ಸಂಘ ಇನ್ನೊಂದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ನಿಮ್ಮ ಮಗ ಪಕ್ಕದ ಊರಿನ ಶಾಲೆಗೆ ಹೋಗುತ್ತಿದ್ದರೆ ನೀವು ಕೇಳಿದ ಪ್ರಶ್ನೆಯೇ ಏಳುವುದಿಲ್ಲ. ಬೇರೆ ಊರಿನ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಬಹುದು ಎಂದು ಇಡೀ ರಾಜ್ಯಕ್ಕೆ ಕಾನೂನು ಮಾಡಿದ್ದರಲ್ಲಿ ಅಮೆರಿಕದಲ್ಲೇ ಮಿನೆಸೋಟ ಮೊದಲು, 1988ರಲ್ಲಿ. ಅದು ಓದಿಗಾಗಿ ಮಾಡಿದ ಬಾಗಿಲು. ಹಾಕಿ ಚೀಲ ಹೊತ್ತುಕೊಂಡೂ ಜನ ಅದರೊಳಗೆ ನುಗ್ಗುತ್ತಾರೆ, ಅದು ಬೇರೆ ಮಾತು. ಇದೆರಡೂ ಇಲ್ಲದಿದ್ದರೆ ಉಳಿಯುವುದು ವೇವರ್, ಅಂದರೆ ನಿಯಮದಿಂದ ವಿನಾಯಿತಿ. ಬಿಟ್ಟುಕೊಡುವ ಸಂಘವೂ ಒಪ್ಪಬೇಕು, ಸೇರಿಸಿಕೊಳ್ಳುವ ಸಂಘವೂ ಒಪ್ಪಬೇಕು. ‘ಆ ಕೋಚ್ ಒಳ್ಳೆಯವರು’ ಅನ್ನುವ ಕಾರಣಕ್ಕೆ ವೇವರ್ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಯಾಕಿಲ್ಲ ಅನ್ನೋದು. ಒಂದು ವಿಷಯ ನನಗೂ ರಿಜಿಸ್ಟ್ರಾರ್ ಆದ ಮೇಲೆಯೇ ಹೊಳೆದದ್ದು. ಊರಿನ ಗಡಿ ಮಗುವನ್ನು ಕಟ್ಟಿಹಾಕುತ್ತದೆ ಎಂದು ನಾವೆಲ್ಲ ಬೈಯುತ್ತೇವೆ. ಆ ಗಡಿ ಸಂಘವನ್ನೂ ಕಟ್ಟಿಹಾಕುತ್ತದೆ. ಗಡಿಯೊಳಗಿನ ಮಗು ಹೆಸರು ಕೊಟ್ಟ ಮೇಲೆ ಅದಕ್ಕೊಂದು ತಂಡ ಹುಡುಕುವುದು ಸಂಘದ ತಲೆನೋವು. ಎ ತಂಡಕ್ಕೆ ಆಗದಿದ್ದರೆ ಬಿ, ಬಿ ಆಗದಿದ್ದರೆ ಸಿ. ಸ್ಕೇಟಿಂಗ್ ಬರದ ಹುಡುಗನನ್ನೂ ‘ನಮಗೆ ಬೇಡ, ಬೇರೆ ಕಡೆ ನೋಡಿಕೊಳ್ಳಿ’ ಅನ್ನುವ ಹಾಗಿಲ್ಲ. ಗಡಿ ತೆಗೆದ ದಿನ ಆ ಮಾತು ಅನ್ನಬಹುದು. ಒಂದು ತಂಡದಲ್ಲಿ ಇರುವುದೇ ಹದಿನೈದು ಹದಿನಾರು ಜಾಗ. ನಿಮ್ಮ ಮಗ ಪಕ್ಕದ ಊರಿಗೆ ಹೋಗಿ ಒಂದು ಜಾಗ ಹಿಡಿದರೆ ಆ ಊರಿನ ಒಂದು ಮಗು ಕೆಳಗಿನ ತಂಡಕ್ಕೆ ಇಳಿಯುತ್ತದೆ. ಮುಂದಿನ ವರ್ಷ ಇನ್ನೆಲ್ಲಿಂದಲೋ ಬಂದ ಹುಡುಗ ನಿಮ್ಮ ಮಗನನ್ನು ಇಳಿಸುತ್ತಾನೆ.

ನಿಮ್ಮ ಮಗನಿಗೆ ಒಂಬತ್ತು ಅಲ್ವಾ? ಈ ವರ್ಷ ಮನೆ ಹತ್ತಿರವೇ ಆಡಲಿ. ಉಳಿದ ಪೆಟ್ರೋಲ್ ದುಡ್ಡಲ್ಲಿ ವಾರಕ್ಕೊಂದು ದಿನ ಓಪನ್ ಸ್ಕೇಟಿಂಗ್‌ಗೆ ಕರೆದುಕೊಂಡು ಹೋಗಿ. ಜನವರಿಯಲ್ಲಿ ನಿಮ್ಮೂರ ಪಾರ್ಕುಗಳಲ್ಲೇ ಐಸ್ ಹಾಕುತ್ತಾರೆ, ಅದಕ್ಕೆ ಕಾಸೂ ಇಲ್ಲ, ಗಡಿಯೂ ಇಲ್ಲ.

ಪ್ರಶ್ನೆ: ನಾವು ಮಿಸಿಸಾಗಾದಲ್ಲಿದ್ದೇವೆ. ನನ್ನ ಮಗ ಈ ಭಾಗದ ಯಾವ ಕ್ಲಬ್ಬಿಗೆ ಬೇಕಾದರೂ ಟ್ರೈಔಟ್ ಕೊಡಬಹುದು. ಕಳೆದ ವಸಂತದಲ್ಲಿ ನಾಲ್ಕು ಕಡೆ ಕೊಟ್ಟ, ನಾಲ್ಕೂ ಕಡೆ ಆಗಲಿಲ್ಲ. ಊರೂರಿನ ಸಂಘಗಳಿರುವ ಕಡೆ ಇರುವ ನನ್ನ ತಂಗಿ ‘ನಿಮಗೇನು, ಸ್ವಾತಂತ್ರ್ಯ ಇದೆ’ ಅನ್ನುತ್ತಾಳೆ. ನನಗೆ ಅವಳದೇ ವಾಸಿ ಅನ್ನಿಸುತ್ತದೆ. ಯಾರು ಸರಿ?
— ಒಬ್ಬ ತಂದೆ, ಮಿಸಿಸಾಗಾ, ಕೆನಡಾ

ಉತ್ತರ: ನಾಲ್ಕು ಕಡೆ! ಹುಡುಗನ ಬೆನ್ನು ತಟ್ಟಿದೆ ಅಂತ ಹೇಳಿ.

ನಿಮ್ಮದು ಗ್ರೇಟರ್ ಟೊರಾಂಟೊ ಹಾಕಿ ಲೀಗ್, ಜಿಟಿಎಚ್‌ಎಲ್. 1911ರಲ್ಲಿ ಶುರುವಾದದ್ದು. ಮಕ್ಕಳ ಹಾಕಿಯಲ್ಲಿ ಜಗತ್ತಿನಲ್ಲೇ ದೊಡ್ಡದು ಎಂದು ಹೆಸರು. ಅದರ ಗಡಿಯೊಳಗೆ ಮನೆ ಇದ್ದರೆ ಒಳಗಿನ ಯಾವ ಕ್ಲಬ್ಬಿಗಾದರೂ ಹೋಗಬಹುದು. ಸುತ್ತಲಿನ ಊರುಗಳು ಒಂಟಾರಿಯೋ ಮೈನರ್ ಹಾಕಿ ಅಸೋಸಿಯೇಷನ್ ಕೆಳಗೆ ಬರುತ್ತವೆ. ಅಲ್ಲಿ ಹಿಂದಿನಿಂದ ನಡೆದು ಬಂದದ್ದು ಊರಿಗೊಂದು ಸಂಘ. ಬೇರೆ ಊರಲ್ಲಿ ಟ್ರೈಔಟ್ ಕೊಡಬೇಕಾದರೆ ಮೊದಲು ತಮ್ಮೂರ ಸಂಘದಿಂದ ‘ಪರ್ಮಿಷನ್ ಟು ಸ್ಕೇಟ್’ ಅನ್ನುವ ಚೀಟಿ ತರಬೇಕಿತ್ತು. ಈ ಗೆರೆಗಳನ್ನು ಸಡಿಲಿಸಬೇಕು ಅನ್ನುವ ಮಾತು ಒಂಟಾರಿಯೋದಲ್ಲಿ ಜೋರಾಗಿಯೇ ಇದೆ. ಹಾಗಾಗಿ ನಿಮ್ಮ ತಂಗಿ ಹೋದ ವರ್ಷದ ನಿಯಮ ನಂಬಿ ಕೂರುವುದು ಬೇಡ. ಈ ಸೀಸನ್ನಿನದು ಏನು ಎಂದು ಸಂಘಕ್ಕೆ ಬರೆದು ಕೇಳಲಿ. ಬಾಯಿ ಮಾತಲ್ಲ, ಬರೆದು.

ಗೆರೆ ಬೇಡ ಅನ್ನುವವರ ಕೈಯಲ್ಲಿ ಒಂದು ದೊಡ್ಡ ಹೆಸರಿದೆ. ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ. ಒಂಟಾರಿಯೋದ ಬ್ರಾಂಟ್‌ಫರ್ಡ್ ಊರಿನ ಹುಡುಗ. ಹತ್ತನೇ ವಯಸ್ಸಿನ ಸೀಸನ್ನಿನಲ್ಲಿ 85 ಪಂದ್ಯಗಳಿಂದ 378 ಗೋಲು. ಇಷ್ಟು ಗೋಲು ಹೊಡೆದರೆ ಊರವರು ಹೊತ್ತು ಮೆರೆಸಿದರು ಅಂದುಕೊಂಡಿರಾ? ಬೇರೆ ಮಕ್ಕಳ ಅಪ್ಪ ಅಮ್ಮಂದಿರ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಮನೆಯವರು ಅವನನ್ನು ಟೊರಾಂಟೊಗೆ ಕಳಿಸಿದರು. ಅಪ್ಪ ಅಮ್ಮ ಇರುವ ಊರು ಬಿಟ್ಟು ಬೇರೆ ಕಡೆ ಆಡಲು ಆಗಿನ ನಿಯಮ ಬಿಡಲಿಲ್ಲ. ಮನೆಯವರು ಕಾನೂನಿನ ಮೊರೆ ಹೋದರು. ಕೊನೆಗೆ 1975-76ರಲ್ಲಿ ಆ ಹುಡುಗ ಟೊರಾಂಟೊದಲ್ಲಿ ಜೂನಿಯರ್ ಬಿ ಆಡಿದ, ತನಗಿಂತ ನಾಲ್ಕೈದು ವರ್ಷ ದೊಡ್ಡವರ ಜೊತೆ. 28 ಪಂದ್ಯಕ್ಕೆ 60 ಪಾಯಿಂಟ್, ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ. ಅಂಥ ಮಗುವಿಗೆ ಗಡಿ ಹಾಕಿದ್ದು ತಪ್ಪು ಎಂದು ನಾನೂ ಒಪ್ಪುತ್ತೇನೆ. ಆದರೆ ಒಂಬತ್ತು ವರ್ಷದಲ್ಲಿ ಎಷ್ಟೋ ನೂರು ಮಕ್ಕಳ ಹೆಸರು ಬರೆದುಕೊಂಡೆ. 378 ಗೋಲು ಹೊಡೆಯುವವನು ಒಬ್ಬನೂ ನನ್ನ ಊಟದ ಮೇಜಿಗೆ ಬರಲಿಲ್ಲ. ಅಪ್ಪಂದಿರ ಮಾತು ಕೇಳಿದರೆ ಮಾತ್ರ ಪ್ರತಿ ವರ್ಷ ನಾಲ್ಕೈದು ಜನ ಇರುತ್ತಿದ್ದರು.

ನಿಮ್ಮ ವಿಷಯಕ್ಕೆ ಬರೋಣ. ಓಪನ್ ಇರುವ ಕಡೆ ಟ್ರೈಔಟ್ ಅನ್ನುವುದು ಎಷ್ಟೋ ಸಲ ಬಾಕಿ ಉಳಿದ ಎರಡೋ ಮೂರೋ ಜಾಗಕ್ಕೆ ನಡೆಯುವ ಪರೀಕ್ಷೆ. ಉಳಿದವರ ಜೊತೆ ಕೋಚ್ ಮೊದಲೇ ಮಾತಾಡಿರುತ್ತಾರೆ. ಮೋಸ ಅಂತ ಅಲ್ಲ, ಆಯ್ಕೆ ಮಾಡುವ ಸ್ವಾತಂತ್ರ್ಯ ನಿಮಗೆ ಇದ್ದ ಹಾಗೆ ಅವರಿಗೂ ಇದೆಯಲ್ಲ. ಅದಕ್ಕೆ, ಟ್ರೈಔಟ್ ಫೀಸ್ ಕಟ್ಟುವ ಮೊದಲು ಕೋಚ್‌ಗೆ ಒಂದು ಇಮೇಲ್ ಹಾಕಿ. ‘ನಿಮ್ಮಲ್ಲಿ ಎಷ್ಟು ಜಾಗ ಖಾಲಿ ಇದೆ? ಡಿಫೆನ್ಸ್‌ಗೋ ಫಾರ್ವರ್ಡ್‌ಗೋ?’ ನೇರ ಉತ್ತರ ಬಂದರೆ ಹೋಗಿ. ‘ಎಲ್ಲರಿಗೂ ಸ್ವಾಗತ’ ಎಂದು ಬಂದರೆ ಆ ದುಡ್ಡಲ್ಲಿ ಹುಡುಗನಿಗೆ ಒಂದು ಒಳ್ಳೆ ಊಟ ಹಾಕಿಸಿ. ನಾಲ್ಕು ಕಡೆ ಬೇಡ, ಎರಡು ಸಾಕು. ಅದರಲ್ಲಿ ಒಂದು ನಿಮ್ಮ ಮನೆಗೆ ಹತ್ತಿರದ್ದಾಗಿರಲಿ, ನಿಮ್ಮ ಕಡೆ ಎಎಎ, ಎಎ ಎರಡಕ್ಕೂ ಕೆಳಗಿನ ಎ ಮಟ್ಟದ್ದಾದರೂ ಸರಿ. ಆಡಲು ಸಿಕ್ಕಿದ ನಿಮಿಷಗಳೇ ಮಗುವಿಗೆ ಸಿಗುವ ಸಂಬಳ. ಎಎಎ ತಂಡದ ಬೆಂಚಿನಲ್ಲಿ ಕೂತರೆ ಜಾಕೆಟ್ ಒಂದು ಸಿಗುತ್ತದೆ, ಚೆನ್ನಾಗಿಯೇ ಇರುತ್ತದೆ.

ತಂಗಿ ಸರಿಯೋ ನೀವೋ? ಅವಳ ಊರಲ್ಲಿ ಕೋಚ್ ಮಗನೇ ಎಲ್ಲ ಪಂದ್ಯಕ್ಕೂ ಸೆಂಟರ್ ಆಗಿ ನಿಂತರೆ ಅವಳು ಎಲ್ಲಿಗೂ ಹೋಗುವ ಹಾಗಿಲ್ಲ. ನಿಮಗೆ ಹೋಗಲು ದಾರಿ ಇದೆ, ಹೋದ ಕಡೆ ಚಾಪೆ ಹಾಸುವವರು ಇಲ್ಲ. ನನ್ನ ಮಗಳಿಗೂ ಎರಡು ವರ್ಷ ನಿಮ್ಮ ತಂಗಿಯ ಮನೆಯದೇ ಪಾಡಾಗಿತ್ತು. ಆಗ ರಾತ್ರಿಯೆಲ್ಲ ಕೂತು ಗಡಿ ನಿಯಮಕ್ಕೆ ಶಾಪ ಹಾಕಿದ್ದೇನೆ. ಬೆಳಗ್ಗೆ ಎದ್ದು ಅದೇ ನಿಯಮದ ಪ್ರಕಾರ ಬೇರೆಯವರ ಬಿಲ್ಲು ನೋಡಿದ್ದೇನೆ.

ಪ್ರಶ್ನೆ: ಮಾನ್ಯರೇ, ಮೊಮ್ಮಗ ಮಿನಿಯಾಪೊಲಿಸ್ ಹತ್ತಿರ ಇದ್ದಾನೆ. ಒಳ್ಳೆಯ ತಂಡಕ್ಕೆ ಸೇರಿಸಲು ಅಳಿಯ ತನ್ನ ಸ್ನೇಹಿತನ ಮನೆ ವಿಳಾಸ ಕೊಡಬೇಕು ಎಂದಿದ್ದಾನೆ. ‘ಎಲ್ಲರೂ ಮಾಡ್ತಾರೆ’ ಎಂದು ಮಗಳೂ ಹೇಳುತ್ತಾಳೆ. ನಾನು ನಲವತ್ತು ವರ್ಷ ಮೇಷ್ಟ್ರು ಕೆಲಸ ಮಾಡಿದವನು. ಮನಸ್ಸು ಒಪ್ಪುತ್ತಿಲ್ಲ. ನಾನು ಹಳೇ ಕಾಲದವನಾಗಿ ಹೀಗನ್ನುತ್ತಿದ್ದೇನೆಯೇ?
— ಒಬ್ಬ ತಾತ, ಕುವೆಂಪುನಗರ, ಮೈಸೂರು

ಉತ್ತರ: ಮೇಷ್ಟ್ರೇ, ಕಾಲದ ಮಾತಲ್ಲ ಇದು. ಅಳಿಯಂದಿರಿಗೆ ಬೇಡ ಅನ್ನಿ.

ಒಂದು ವರ್ಷ ನನ್ನ ಹತ್ತಿರ ಮೂರು ಅರ್ಜಿ ಬಂದವು. ಮೂರು ಬೇರೆ ಬೇರೆ ಸರ್‌ನೇಮ್. ವಿಳಾಸ ಮಾತ್ರ ಒಂದೇ ಅಪಾರ್ಟ್‌ಮೆಂಟ್, ಒಂದೇ ಡೋರ್ ನಂಬರ್. ಎರಡು ಬೆಡ್‌ರೂಮಿನ ಮನೆ. ಮೂರೂ ಹುಡುಗರು ಬ್ಯಾಂಟಮ್ ವಯಸ್ಸು, ಮೂವರೂ ಒಳ್ಳೆ ಆಟಗಾರರು. ಮೂರು ಹಾಕಿ ಚೀಲ ಇಟ್ಟರೆ ಆ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ! ನಾನು ಫೋನ್ ಮಾಡಿ ‘ಮನೆಗೆ ಕಾಫಿಗೆ ಬರಲಾ?’ ಎಂದೆ. ಮೂರೂ ಅರ್ಜಿ ವಾಪಸ್ ಹೋದವು.

ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನೋದನ್ನು ಅಳಿಯನಿಗೆ ಹೇಳಿ. ಅರ್ಹತೆ ಇಲ್ಲದ ಮಗು ಆಡಿದ ಪಂದ್ಯಗಳನ್ನು ತಂಡದ ಸೋಲು ಎಂದು ಬರೆಯಬಹುದು. ಮಗುವನ್ನು ಆ ಸೀಸನ್ನಿನಿಂದ ಹೊರಗಿಡಬಹುದು. ಲಾಕರ್ ರೂಮಿನಲ್ಲಿ ಉಳಿದ ಹದಿನಾಲ್ಕು ಹುಡುಗರ ಮುಖ ನೋಡಬೇಕಾದವನು ಅಳಿಯ ಅಲ್ಲ, ಮೊಮ್ಮಗ. ಅದಕ್ಕೂ ಮೊದಲು ‘ಯಾರಾದರೂ ಮನೆ ಎಲ್ಲಿ ಅಂತ ಕೇಳಿದರೆ ಹೀಗೆ ಹೇಳು’ ಎಂದು ಆ ಮಗುವಿಗೆ ಬಾಯಿಪಾಠ ಮಾಡಿಸಬೇಕು. ನೀವು ನಲವತ್ತು ವರ್ಷ ಮಾಡಿಸಿದ್ದು ಬೇರೆ ಪಾಠ.

ಆಟಕ್ಕಾಗಿ ಮನೆ ಬದಲಿಸುವುದು ತಪ್ಪಲ್ಲ, ನಿಜವಾಗಿ ಬದಲಿಸಿದರೆ. ಟಿ. ಜೆ. ಓಶಿ ಅಂತ ಒಬ್ಬ ಆಟಗಾರ. ಹೈಸ್ಕೂಲಿನಲ್ಲಿದ್ದಾಗ ವಾಷಿಂಗ್ಟನ್ ರಾಜ್ಯದಿಂದ ಅಪ್ಪನ ಜೊತೆ ಮಿನೆಸೋಟದ ವಾರೋಡ್‌ಗೆ ಬಂದ. ಕೆನಡಾ ಗಡಿಯ ಹತ್ತಿರ ಎರಡು ಸಾವಿರ ಜನರೂ ಇಲ್ಲದ ಊರು, ತುಂಬ ಹಾಕಿ ಹುಚ್ಚು. ಅಲ್ಲೇ ಇದ್ದ, ಅಲ್ಲೇ ಓದಿದ, ಅಲ್ಲೇ ಆಡಿದ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾ ವಿರುದ್ಧ ಶೂಟೌಟ್‌ನಲ್ಲಿ ಆರು ಸಲ ಅವನನ್ನೇ ಕಳಿಸಿದರು, ನಾಲ್ಕು ಗೋಲು ಹೊಡೆದ. ಅಳಿಯನಿಗೆ ಅಷ್ಟು ಆಸೆ ಇದ್ದರೆ ಮನೆ ಖಾಲಿ ಮಾಡಿ ಆ ಒಳ್ಳೆಯ ತಂಡದ ಊರಿಗೇ ಹೋಗಲಿ. ಬಾಡಿಗೆ ಕೇಳಿದ ಮೇಲೆ ಆಸೆ ತಾನಾಗಿ ಇಳಿಯುತ್ತದೆ.

ಪ್ರಾಮಾಣಿಕರನ್ನು ಈ ಕಾಗದ ಪತ್ರದ ನಿಯಮ ಹಿಂಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬ ಹೆಣ್ಣುಮಗಳು ಮಗನನ್ನು ಕರೆದುಕೊಂಡು ಬಂದಿದ್ದಳು. ಅಣ್ಣನ ಮನೆಯಲ್ಲಿದ್ದಳು. ಬಾಡಿಗೆ ಕರಾರು ಅಣ್ಣನ ಹೆಸರಲ್ಲಿ, ಕರೆಂಟ್ ಬಿಲ್ಲು ಅಣ್ಣನ ಹೆಸರಲ್ಲಿ. ಅವಳ ಹೆಸರಲ್ಲಿ ಒಂದು ಚೀಟಿಯೂ ಇಲ್ಲ. ಹಿಂದಿನ ವರ್ಷ ಆ ಮೂವರಿಂದ ಮೋಸ ಹೋಗುತ್ತಿದ್ದವನು ನಾನು, ಈ ಸಲ ಬಿಗಿಯಾಗಿದ್ದೆ. ‘ಪುರಾವೆ ತನ್ನಿ’ ಎಂದು ಕಳಿಸಿದೆ. ಅವಳು ಬ್ಯಾಂಕಿನ ಪತ್ರ ತರುವಷ್ಟರಲ್ಲಿ ಮೊದಲ ದಿನದ ಟ್ರೈಔಟ್ ಮುಗಿದಿತ್ತು. ಹುಡುಗ ಸಿ ತಂಡಕ್ಕೆ ಬಿದ್ದ. ಅವರ ಮನೆ ಎಲ್ಲಿತ್ತು ಗೊತ್ತಾ? ಅರೀನಾದ ಹಿಂದಿನ ಬೀದಿ. ಅವನು ದಿನಾ ನಡೆದುಕೊಂಡೇ ಬರುತ್ತಿದ್ದ, ಸ್ಟಿಕ್ಕನ್ನು ಹೆಗಲ ಮೇಲೆ ಇಟ್ಟುಕೊಂಡು. ನಾನು ಕಾರಿನಲ್ಲಿ ಅವನನ್ನು ದಾಟಿಕೊಂಡು ಹೋಗುವಾಗ ತಲೆ ಎತ್ತುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಕೊಡಗಿನ ಕುಟುಂಬ ಹಾಕಿ ಹಬ್ಬಕ್ಕೆ ದುಬೈನಿಂದಲೂ ಬಂದು ಆಡುತ್ತಾರೆ. ಯಾರೂ ವಿಳಾಸ ಕೇಳಲ್ಲ. ಅಲ್ಲಿನವರಿಗೆ ನಮ್ಮದನ್ನು ಕಲಿಸಬಾರದಾ ಅಂಕಲ್?
— ಒಬ್ಬ ಕಾಲೇಜು ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಕಲಿಸಲು ಹೋಗಿದ್ದೆ. ನಮ್ಮ ಸಂಘದ ಮೀಟಿಂಗ್‌ನಲ್ಲಿ ಒಮ್ಮೆ ಇದನ್ನೇ ಹೇಳಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳ ತಂಡ ಇದ್ದವು, ಪ್ರತಿ ವರ್ಷ ಒಂದೊಂದು ಕುಟುಂಬ ನಡೆಸುತ್ತದೆ, ಕಪ್ಪಿಗೂ ಆ ಕುಟುಂಬದ್ದೇ ಹೆಸರು ಅಂತೆಲ್ಲ. ಆಮೇಲೆ ಅದು ಎಲ್ಲಿಗೆ ಹೋಯಿತು ನಿನಗೇ ಗೊತ್ತು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ‘ಹಾಗಾದರೆ ಯಾವ ತಂಡಕ್ಕೆ ಬೇಕಾದರೂ ಆಡಬಹುದಾ?’ ಎಂದು ಒಬ್ಬ ಅಜ್ಜ ಕೇಳಿದರು. ಅಲ್ಲಿ ನನ್ನ ಬಾಯಿ ಕಟ್ಟಿತು.

ಯಾಕೆಂದರೆ ನಮ್ಮದು ಓಪನ್ ಅಲ್ಲವೇ ಅಲ್ಲ ಮಗಳೇ. ಮನೆ ಎಲ್ಲಿ ಅಂತ ಕೇಳಲ್ಲ, ಯಾವ ಮನೆಯವರು ಅಂತ ಕೇಳುತ್ತಾರೆ. ಮನೆ ಬದಲಿಸಬಹುದು, ಒಕ್ಕ, ಅಂದರೆ ಮನೆತನ, ಬದಲಿಸಲು ಆಗುತ್ತದಾ? ಅದಕ್ಕಿಂತ ಗಟ್ಟಿ ಗಡಿ ಯಾವುದಿದೆ! ನಮ್ಮ ಒಕ್ಕದಲ್ಲಿ ಒಂದು ವರ್ಷ ಆಡುವವರು ಸಾಲದೆ ದೊಡ್ಡಪ್ಪನನ್ನೇ ಗೋಲಿನಲ್ಲಿ ನಿಲ್ಲಿಸಿದೆವು. ಮಂಡಿ ನೋವು, ಬಗ್ಗಲು ಆಗುತ್ತಿರಲಿಲ್ಲ. ಏಳು ಗೋಲು ತಿಂದೆವು. ಪಕ್ಕದ ಒಕ್ಕದಲ್ಲಿ ರಾಜ್ಯ ಮಟ್ಟದ ಗೋಲ್‌ಕೀಪರ್ ಬೆಂಚಿನಲ್ಲಿ ಸುಮ್ನೆ ಕೂತಿದ್ದ, ಅವನನ್ನು ಕರೆಯುವ ಯೋಚನೆ ಯಾರಿಗೂ ಬರಲಿಲ್ಲ. ಇವತ್ತಿಗೂ ಮದುವೆ ಮನೆಗಳಲ್ಲಿ ದೊಡ್ಡಪ್ಪ ಆ ಒಂದು ಸೇವ್ ಬಗ್ಗೆಯೇ ಹೇಳುವುದು.

ಪ್ರಶ್ನೆ: ಹುಡುಗಿಯರ ತಂಡಕ್ಕೂ ಇದೇ ನಿಯಮವಾ? ನಮ್ಮೂರಲ್ಲಿ ಅವಳ ವಯಸ್ಸಿನವರು ಆರೇ ಜನ.
— ಒಬ್ಬ ತಂದೆ, ಮಿನೆಸೋಟ

ಉತ್ತರ: ನಿಯಮ ಅದೇ. ಆದರೆ ಆರು ಜನಕ್ಕೆ ತಂಡ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಎರಡು ಮೂರು ಊರಿನ ಸಂಘಗಳು ಸೇರಿ ಒಂದು ತಂಡ ಮಾಡುತ್ತವೆ, ಅದಕ್ಕೆ ಕೋ-ಆಪ್ ಅನ್ನುತ್ತಾರೆ. ಹುಡುಗಿಯರ ಹೈಸ್ಕೂಲ್ ಹಾಕಿಗೆ ಅಮೆರಿಕದಲ್ಲಿ ಮೊದಲು ಮಾನ್ಯತೆ ಕೊಟ್ಟದ್ದೇ ಮಿನೆಸೋಟ, 1994ರಲ್ಲಿ. ನಿಮ್ಮ ರಿಜಿಸ್ಟ್ರಾರ್‌ಗೆ ಆಗಸ್ಟ್‌ನಲ್ಲೇ ಹೇಳಿ. ಸೆಪ್ಟೆಂಬರ್‌ನಲ್ಲಿ ಹೇಳಿದರೆ ಅವರ ಮೇಜಿನ ಮೇಲೆ ನಿಮ್ಮ ಕಾಗದ ಇಡಲು ಜಾಗ ಇರಲ್ಲ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗುತ್ತಿದ್ದೇನೆ. ಮೊಮ್ಮಗಳ ಟ್ರೈಔಟ್ ನೋಡಲು ನನ್ನನ್ನು ಒಳಗೆ ಬಿಡುತ್ತಾರಾ?
— ಒಬ್ಬ ಅಜ್ಜಿ, ಬಸವನಗುಡಿ, ಬೆಂಗಳೂರು

ಉತ್ತರ: ಕೆಲವು ಸಂಘಗಳು ಟ್ರೈಔಟ್ ದಿನ ಮನೆಯವರನ್ನು ಐಸ್ ಹತ್ತಿರ ಬಿಡುವುದಿಲ್ಲ ಅಮ್ಮಾ. ಗಾಜಿಗೆ ಮೂಗು ಒತ್ತಿ ನಿಂತ ಅಪ್ಪಂದಿರನ್ನು ನೋಡಿ ಮಕ್ಕಳು ಕಂಗಾಲಾಗುತ್ತಾರೆ ಅಂತ. ಹೊರಗೆ ಲಾಬಿಯಲ್ಲಿ ಕೂರಬೇಕು. ಸ್ವೆಟರ್ ಒಂದು ಸಾಲದು, ಕಂಬಳಿ ಇರಲಿ. ಚಕ್ಕುಲಿ ಡಬ್ಬಿ ತಂದರೆ ಮೂಲೆಯಲ್ಲಿ ಕಾಗದ ಹರಡಿಕೊಂಡು ಕೂತವರಿಗೂ ಎರಡು ಕೊಡಿ. ಅವರೇ ರಿಜಿಸ್ಟ್ರಾರ್, ಬೆಳಗ್ಗೆಯಿಂದ ಏನೂ ತಿಂದಿರಲ್ಲ.